ಅಂಚು ಹಿಡಿದ ಕೈ

ಗೀರು ನಾಣ್ಯದ ಮೇಲಿದೆಯೋ ತನ್ನ ಕನ್ನಡಕದ ಮೇಲಿದೆಯೋ ಎಂಬುದು ವಿಮೆಯಮ್ಮನಿಗೆ ತಕ್ಷಣ ಗೊತ್ತಾಗಲಿಲ್ಲ.

ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿ ಮತ್ತೆ ಏರಿಸಿಕೊಂಡಳು. ತಲೆ ಆಡಿಸಿ ನೋಡಿದಳು. ಒಂದು ಗೀರು ತಲೆಯ ಜೊತೆಗೆ ಆಡಿತು, ಇನ್ನೊಂದು ಆಡಲಿಲ್ಲ. ಆಡದೆ ನಿಂತದ್ದು ನಾಣ್ಯದ ಮೇಲಿನ ಬೆಳ್ಳಿ ರಾಣಿಯ ಕೆನ್ನೆಯ ಮೇಲಿತ್ತು.

"ಕಾಣಿಸ್ತಾ ಮೇಡಂ?" ಎಂದಳು ಸಂಸ್ಥೆಯ ಯಜಮಾನಿ, ಕಾಣಿಸದಿದ್ದರೆ ಅದಕ್ಕೂ ಒಬ್ಬರನ್ನು ಹೊಣೆ ಮಾಡಲು ಸಿದ್ಧಳಾಗಿ.

"ಕಾಣಿಸ್ತು. ಕಾಣಿಸಬಾರದು ಅಂತ ಯಾರೂ ಇಷ್ಟು ಆಳಕ್ಕೆ ಗೀರಲ್ಲ."

ವಿಮಾ ಕಂಪನಿಯ ತನಿಖೆಯವಳಾದ್ದರಿಂದ ಹೋದಲ್ಲೆಲ್ಲ ಅವಳಿಗೆ ವಿಮೆಯಮ್ಮ ಎಂದೇ ಹೆಸರು. ಸುಟ್ಟ ಗೋದಾಮು, ಮುಳುಗಿದ ದೋಣಿ, ಮೆಟ್ಟಿಲು ಜಾರಿದೆನೆಂದು ಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗಿದವರು, ಎಲ್ಲವನ್ನೂ ನೋಡಿ ಮುಗಿಸಿ ಈಗ ಹಳೇ ನಾಣ್ಯಗಳಿಗೆ ದರ್ಜೆ ಕೊಡುವ ಈ ಸಂಸ್ಥೆಯ ಮೂರನೇ ಮಹಡಿಗೆ ಬಂದಿದ್ದಳು. ಲಿಫ್ಟ್ ಇರಲಿಲ್ಲ. ಅದು ಮೊದಲೇ ಗೊತ್ತಿದ್ದಂತೆ ಮೊಣಕಾಲು ಬೆಳಗಿನಿಂದಲೇ ನೋಯುತ್ತಿತ್ತು.

ಇಲ್ಲಿಯವರೆಗೆ ತಿಳಿದದ್ದು ಇಷ್ಟು. ಕೌಂಟರಿನಿಂದ ಒಳಗೆ ಹೋಗುವಾಗ ರಾಣಿಯ ಕೆನ್ನೆಯ ಮೇಲೆ ಈ ಗೀರು ಇರಲಿಲ್ಲ. ಹೊರಗೆ ಬರುವಾಗ ಇತ್ತು. ನಡುವೆ ನಾಣ್ಯವನ್ನು ಕಂಡವರು ಮೂರೇ ಜನ.

ಈ ಸಂಸ್ಥೆಯ ಕ್ರಮ ವಿಚಿತ್ರವಾಗಿತ್ತು. ಮುಂದಿನ ಕೋಣೆಯಲ್ಲಿ ಕಿರಿಯ ಪರೀಕ್ಷಕ ನಾಣ್ಯ ನೋಡಿ ಅಂಕ ಹಾಕುತ್ತಾನೆ. ಹಿಂದಿನ ಕೋಣೆಯಲ್ಲಿ ಹಿರಿಯರು ಅದನ್ನೇ ಮತ್ತೆ ನೋಡಿ ಅಂತಿಮ ಮಾತು ಹೇಳುತ್ತಾರೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟಬಾರದೆಂದು ಕೆಲಸದ ಹೊತ್ತಿನಲ್ಲಿ ಇಬ್ಬರೂ ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ. ನಾಣ್ಯ ತಂದವರ ಹೆಸರೂ ಇಬ್ಬರಿಗೂ ತಿಳಿಯುವಂತಿಲ್ಲ. ಮಖಮಲ್ಲು ಮುಚ್ಚಿದ ಟ್ರೇಯನ್ನು ಈ ಕೋಣೆಯಿಂದ ಆ ಕೋಣೆಗೆ ಒಯ್ಯುವುದು ಮೂರನೆಯವಳು. ಗಂಡ ಹೆಂಡಿರಿಗೂ ಇಂಥದೊಂದು ಕ್ರಮ ಇದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು ಎಂದು ವಿಮೆಯಮ್ಮನಿಗೆ ಅನ್ನಿಸಿತು.

ಆ ಮೂರನೆಯವಳ ಮೇಲೆಯೇ ಈಗ ಎಲ್ಲರ ಕಣ್ಣು.

"ಟ್ರೇ ಒಯ್ಯುವಾಗ ಅಜಾಗರೂಕತೆ ಅಂತ ಒಂದು ಸಾಲು ಬರೆದುಬಿಡಿ," ಎಂದಳು ಯಜಮಾನಿ. "ನಿಮ್ಮ ಕಂಪನಿ ನಾಣ್ಯದ ಯಜಮಾನನಿಗೆ ಕೊಡೋದು ಕೊಡುತ್ತೆ. ಇವಳನ್ನ ನಾನು ಸಂಜೆಗೆ ಮನೆಗೆ ಕಳಿಸ್ತೀನಿ. ಎಲ್ಲರಿಗೂ ಸಲೀಸು."

"ಅವಳಿಗೆ?"

"ಎಲ್ಲಾದ್ರೂ ಸೇರ್ಕೋತಾಳೆ ಬಿಡಿ."

"ನಾಣ್ಯ ಗೀರಿದವಳು ಅಂತ ಹೆಸರು ಹೊತ್ತವಳನ್ನ ಯಾರು ಸೇರಿಸ್ತಾರೆ? ನೀವು ಸೇರಿಸ್ತೀರಾ?"

ಯಜಮಾನಿ ಕಿಟಕಿಯ ಕಡೆ ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಎದುರು ಕಟ್ಟಡದ ನೀರಿನ ಪೈಪು ಮಾತ್ರ.

* * *

ಅಂಕ ಸಿಕ್ಕಿದ ನಾಣ್ಯಗಳನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ ಬಿಸಿ ಯಂತ್ರದಲ್ಲಿ ಮುದ್ರೆ ಹಾಕುವವಳೂ ಆ ಮೂರನೆಯವಳೇ. ಆದ್ದರಿಂದ ಎಲ್ಲರಿಗೂ ಡಬ್ಬಿ ಅಕ್ಕ. ಯಂತ್ರದ ಪಕ್ಕದ ಸ್ಟೂಲಿನ ಮೇಲೆ, ಬಸ್ಸು ಬರುವುದಿಲ್ಲವೆಂದು ಗೊತ್ತಾದ ಮೇಲೂ ನಿಲ್ದಾಣದಲ್ಲಿ ಕೂತವಳ ಹಾಗೆ ಕೂತಿದ್ದಳು.

"ಮುಚ್ಚಿದ ಟ್ರೇ ತೆಗೊಂಡೆ, ಮುಚ್ಚಿದ ಟ್ರೇ ಕೊಟ್ಟೆ ಅಮ್ಮಾ. ಕೊಡುವಾಗ ಗೀರಿರಲಿಲ್ಲ ಅಂತ ಮುಂದಿನ ಕೋಣೆ ಹುಡುಗ ಹೇಳ್ತಾನೆ. ಬರುವಾಗಲೇ ಗೀರಿತ್ತು ಅಂತ ಹಿಂದಿನ ಕೋಣೆ ಮೇಷ್ಟ್ರು ಹೇಳ್ತಾರೆ. ಅವನು ಸುಳ್ಳು ಹೇಳಲ್ಲ, ಇವರೂ ಹೇಳಲ್ಲ, ನಾನೂ ಹೇಳಲ್ಲ. ಇನ್ನೇನು, ರಾಣೀನೇ ಕೆರ್ಕೊಂಡಿರಬೇಕು."

"ನಾಣ್ಯವನ್ನ ನೀವು ಹೇಗೆ ಹಿಡೀತೀರಿ?"

ಡಬ್ಬಿ ಅಕ್ಕ ರಬ್ಬರು ತುದಿಯ ಚಿಮಟ ಎತ್ತಿ ತೋರಿಸಿದಳು. "ಇದರಲ್ಲೇ. ಕೈಯಲ್ಲಿ ಮುಟ್ಟಿದ್ರೆ ಯಜಮಾನಿ ಕೈನೇ ಕತ್ತರಿಸ್ತಾರೆ."

ವಿಮೆಯಮ್ಮ ತನ್ನ ಚೀಲದಿಂದ ಒಂದು ಚಿಲ್ಲರೆ ಕಾಸು ತೆಗೆದು ಚಿಮಟಕ್ಕೆ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಪಿನ್ನು ಹಿಡಿದು ಅದರ ಮೇಲೆ ಗೀರಲು ನೋಡಿದಳು. ಕಾಸು ಗರ್ರನೆ ತಿರುಗಿ, ಚಿಮಟದಿಂದ ಹಾರಿ, ಬೀರುವಿನ ಕೆಳಗೆ ನುಗ್ಗಿತು.

"ನಾನು ತೆಗೀತೀನಿ, ನಿಮ್ಮ ಮೊಣಕಾಲು ಸರಿಯಿಲ್ಲ," ಎಂದು ಡಬ್ಬಿ ಅಕ್ಕ ನೆಲಕ್ಕೆ ಮಲಗಿದಳು. ಬೀರುವಿನ ಕೆಳಗಿನ ಆ ಧೂಳಿನ ಕಾಸನ್ನೂ ಅವಳು ಚಿಮಟದಲ್ಲೇ ಹಿಡಿದು ಎತ್ತಿದಳು.

ಚಿಮಟದಲ್ಲಿ ಹಿಡಿದು ಗೀರಲಾಗದು. ಮೇಜಿಗೆ ಒತ್ತಿ ಹಿಡಿದು ಗೀರಬಹುದು. ಆದರೆ ಹಾಗೆ ಒತ್ತಿದ್ದರೆ ಮುಖದ ಮೇಲೆ ಹೆಬ್ಬೆರಳಿನ ಕಲೆ ಬೀಳಬೇಕು, ಹಿಂಬದಿ ಉಜ್ಜಿಹೋಗಿರಬೇಕು. ಎರಡೂ ಇರಲಿಲ್ಲ. ವಿಮೆಯಮ್ಮ ಅದನ್ನು ಬೆಳಗ್ಗೆಯೇ ನೋಡಿದ್ದಳು. ನೋಡಿದ್ದಕ್ಕೆ ಅರ್ಥ ಹುಟ್ಟಲು ಮಾತ್ರ ಈಚೀಚೆಗೆ ಸ್ವಲ್ಪ ತಡವಾಗುತ್ತಿತ್ತು.

ಅಷ್ಟರಲ್ಲಿ ಫೋನು ಗುರುಗುಟ್ಟಿತು. ಮನೆಯವರು. ನಿವೃತ್ತರಾದ ಮೇಲೆ ಅವರಿಗೆ ಮನೆಯೇ ಒಂದು ಅಪರಿಚಿತ ದೇಶವಾಗಿತ್ತು, ದಾರಿ ಕೇಳಲು ಹೆಂಡತಿಯೊಬ್ಬಳೇ.

"ಏನೇ, ಉಗುರು ಕತ್ತರಿ ಎಲ್ಲಿಟ್ಟಿದೀಯ?"

"ಕನ್ನಡಿ ಹಿಂದಿನ ಡಬ್ಬದಲ್ಲಿ. ನನ್ನ ಕನ್ನಡಕದ ಪೆಟ್ಟಿಗೆ ಸಿಕ್ತಾ? ಕೀಲಿಗೆ ಕೆಂಪು ದಾರ ಸುತ್ತಿದ್ದು?"

"ಅದನ್ನ ಯಾವ ಬಸ್ಸಲ್ಲಿ ಬಿಟ್ಟು ಬಂದಿದೀಯೋ. ಹೊಸದು ತಗೋ ಅಂದ್ರೆ ಕೇಳಲ್ಲ."

"ಚೀಲದಲ್ಲಿ ಬೀಗದಕೈ ಜೊತೆ ಬಿದ್ದು ಗಾಜೆಲ್ಲ ಗೀರಿಹೋಗಿದೆ ರೀ. ಮಂಚದ ಕೆಳಗೆ ಒಂಚೂರು ನೋಡಿ."

"ನೋಡ್ತೀನಿ. ನೀನು ಇವತ್ತು ಯಾವ ಕಡೆ?"

"ನಾಣ್ಯದವರ ಹತ್ರ."

ಆ ಕಡೆ ಡಬ್ಬ ಕೆಳಗೆ ಬಿದ್ದ ಸದ್ದಾಯಿತು. "ಸರಿ, ಕತ್ತರಿ ಸಿಕ್ತು," ಎಂದು ಇಟ್ಟುಬಿಟ್ಟರು.

* * *

ಕಿರಿಯ ಪರೀಕ್ಷಕನಿಗೆ ರೈಲು ಎಂದು ಅಡ್ಡಹೆಸರು. ಒಂದು ನಾಣ್ಯ ನೋಡಲು ಅವನಿಗೆ ಒಂದು ಸೀನು ಸೀನುವಷ್ಟು ಹೊತ್ತು ಸಾಕು. ಊಟವೂ ಹಾಗೆಯೇ, ಮಾತೂ ಹಾಗೆಯೇ.

"ಪೂರ್ತಿ ಅಂಕ ಎಪ್ಪತ್ತು. ಇದಕ್ಕೆ ಅರವತ್ನಾಲ್ಕು ಹಾಕಿದ್ದೆ. ಒಳ್ಳೇ ಮುಖ ಮೇಡಂ, ಅನ್ಯಾಯ ಆಯ್ತು."

"ಅರವತ್ತೈದು ಯಾಕಿಲ್ಲ?"

"ಕಣ್ಣಿನ ಕೆಳಗೆ ಸಣ್ಣ ಚುಚ್ಚು ಇತ್ತಲ್ಲ. ಸೂಜಿ ಮೊನೆಯಷ್ಟು. ಹಳೇದು, ಒಳಗೆ ಕಪ್ಪಡರಿತ್ತು. ಬೆಳ್ಳಿ ಗೀರಿದಾಗ ಹೊಳೆಯುತ್ತೆ, ವರ್ಷ ಕಳೆದ ಹಾಗೆ ಗೀರೂ ಮೈಬಣ್ಣಕ್ಕೆ ಬರುತ್ತೆ. ಅಂಥದಕ್ಕೆ ಒಂದು ಅಂಕ ಕಳೆದು ಸುಮ್ಮನಾಗ್ತೀವಿ."

"ಗಾಯ ಹಳೇದಾದ್ರೆ ಮರ್ಯಾದೆ ಅಂತಾಯ್ತು."

"ಬೆಳ್ಳಿಗೆ ಮಾತ್ರ ಮೇಡಂ. ನಮ್ಮತ್ತೆ ಮದುವೆ ದಿನದ ಗಾಯ ಇನ್ನೂ ಹೊಸದೇ ಇಟ್ಕೊಂಡಿದಾರೆ."

ವಿಮೆಯಮ್ಮನಿಗೆ ನಗು ಬಂತು, ಆದರೆ ಅದನ್ನು ತುಟಿಯವರೆಗೆ ತರುವ ಶ್ರಮ ಪಡಲಿಲ್ಲ. "ಎಲ್ಲಾ ಗೆರೆಗೂ ಒಂದೇ ಶಿಕ್ಷೆಯಾ?"

"ಅಯ್ಯೋ ಇಲ್ಲ. ಉಬ್ಬಿದ ಗೆರೆ ಟಂಕಸಾಲೆಯದು. ಅಚ್ಚನ್ನ ಉಜ್ಜಿ ಹೊಳಪು ಮಾಡಿರ್ತಾರೆ, ಆ ಗೆರೆ ನಾಣ್ಯದ ಮೇಲೆ ಎದ್ದು ಬರುತ್ತೆ. ಅದಕ್ಕೆ ಏನೂ ಕಳೆಯಲ್ಲ. ತಗ್ಗಿದ ಗೆರೆ ಮನುಷ್ಯರದು. ಅದು ಕೂದಲ ಮಧ್ಯೆ ಇದ್ರೆ ಕಣ್ಣಿಗೆ ಬೀಳಲ್ಲ, ಕೆನ್ನೆ ಮೇಲಿದ್ರೆ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ. ಮೂಟೆಯಲ್ಲಿ ಒಂದಕ್ಕೊಂದು ತಾಗಿದ್ದು ಬೇರೆ, ಪುಡಿ ಹಾಕಿ ತಿಕ್ಕಿದ್ದು ಬೇರೆ."

"ಇದು?"

ರೈಲು ಮೊದಲ ಬಾರಿಗೆ ನಿಲ್ದಾಣದಲ್ಲಿ ನಿಂತ ಹಾಗೆ ನಿಂತ. "ಇದು ಟ್ರೇಯಲ್ಲಿ ಆಗಿದ್ದಲ್ಲ. ಟ್ರೇಯಲ್ಲಿ ಉಜ್ಜಿದ್ರೆ ಎತ್ತರದ ಜಾಗ ಸವೆಯುತ್ತೆ. ಮೂಗು, ಕೆನ್ನೆಯ ಉಬ್ಬು. ಇದು ಶುರುವಾಗಿರೋದು ಕಣ್ಣಿನ ಕೆಳಗಿನ ಗುಣಿಯಲ್ಲಿ. ಅಲ್ಲಿಗೆ ತಾನಾಗಿ ಏನೂ ಹೋಗಲ್ಲ. ಅಕ್ಕನ ಪರವಾಗಿ ಇದನ್ನ ಹೇಳೋಣ ಅಂತಿದ್ದೆ. ಹೇಳಿದ್ರೆ ಉಳಿಯೋದು ನಾನು, ಮೇಷ್ಟ್ರು. ಅದಕ್ಕೇ ಹೇಳಲಿಲ್ಲ."

"ಗೀರಿದ ನಾಣ್ಯಕ್ಕೆ ಏನು ಮಾಡ್ತೀರಿ?"

"ಅಂಕವೇ ಇಲ್ಲ. 'ಗೀರಿದೆ' ಅಂತ ಒಂದು ಮಾತು ಬರೆದು ವಾಪಸ್. ಅಂಕ ಸಿಕ್ಕಿದ್ದರ ಫೋಟೊ ಲೋಕಕ್ಕೆಲ್ಲ ಕಾಣೋ ಹಾಗೆ ನಮ್ಮ ವೆಬ್‌ಸೈಟಿಗೆ ಹೋಗುತ್ತೆ. ಗೀರಿದ್ದಕ್ಕೆ ಅದೂ ಇಲ್ಲ. ಇಲ್ಲಿಗೆ ಬಂದೇ ಇಲ್ಲ ಅನ್ನೋ ಹಾಗೆ."

ವಿಮೆಯಮ್ಮ ಬೀರುವಿನ ಕೆಳಗಿಂದ ಬಂದ ಕಾಸನ್ನು ಅವನ ಮುಂದೆ ಚಾಚಿದಳು. "ಹೋಗುವಾಗ ನನಗೊಂದು ಚಹಾ ಹೇಳಿ."

ರೈಲು ಅದನ್ನು ತೆಗೆದುಕೊಂಡ. ಹೆಬ್ಬೆರಳು, ತೋರುಬೆರಳು, ಎರಡೂ ಅಂಚಿನ ಮೇಲೆ. ಮುಖಕ್ಕೆ ಉಗುರೂ ಸೋಕಲಿಲ್ಲ.

"ಬಸ್ಸಿನ ಚಿಲ್ಲರೇನೂ ಹೀಗೇ ಹಿಡೀತೀರಾ?"

"ಕಂಡಕ್ಟರು ಬೈತಾನೆ. ಏನು ಮಾಡೋದು, ಕೈ ಕೇಳಲ್ಲ. ಮುಖ ಮುಟ್ಟಿದ್ರೆ ಮೇಷ್ಟ್ರು ಬೆರಳ ಗಂಟಿಗೆ ಪೆನ್ನಲ್ಲಿ ಹೊಡೀತಿದ್ರು."

ಅವನು ಹೋದ ಮೇಲೆ ವಿಮೆಯಮ್ಮ ಕೌಂಟರಿನವರು ನಾಣ್ಯ ಬಂದ ದಿನ ತೆಗೆದಿಟ್ಟ ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. ಇದುವರೆಗೆ ಎಲ್ಲರೂ ಅದನ್ನು ನೋಡಿದ್ದು ಗೀರು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಅವಳು ಈಗ ಇದ್ದದ್ದನ್ನು ನೋಡಿದಳು. ರಾಣಿಯ ಕಣ್ಣಿನ ಕೆಳಗೆ ಒಂದು ಕಪ್ಪು ಚುಕ್ಕೆ, ಅದರಿಂದ ಕೆಳಕ್ಕೆ ಎಳೆಯಷ್ಟು ಬಾಲ. ಕಣ್ಣೀರಿನ ಹನಿಯ ಹಾಗೆ.

ನಾಣ್ಯದ ಮೇಲೆ ಈಗ ಆ ಹನಿ ಇರಲಿಲ್ಲ. ಹೊಸ ಗೀರು ಸರಿಯಾಗಿ ಅದರ ಮೇಲೆಯೇ ಕಾಲೂರಿ, ಅದನ್ನು ಪೂರ್ತಿ ಕೆತ್ತಿ ತೆಗೆದು, ಆಮೇಲೆ ತೆಳ್ಳಗಾಗುತ್ತ ದವಡೆಯ ಕಡೆ ಇಳಿದಿತ್ತು.

ಹಾಳು ಮಾಡಲು ಎಳೆದ ಗೆರೆ ಅಲ್ಲ ಅದು. ಅಳಿಸಲು ಎಳೆದದ್ದು.

* * *

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ಊರಿನಲ್ಲಿ ನಾಣ್ಯ ನೋಡಬಲ್ಲವರೆಲ್ಲ ಅವರ ಮುಂದೆ ಕೂತು ಬೈಸಿಕೊಂಡವರೇ. ವಿಮೆಯಮ್ಮನಿಗೂ ಅವರಿಗೂ ಹಳೇ ಪರಿಚಯ. ಗಡಿಯಾರದ ವ್ಯಾಪಾರಿಯೊಬ್ಬರ ಮನೆಗೆ ಬೆಂಕಿ ಬಿದ್ದು, ಅವರೂ ಅವರ ಬೆಳ್ಳಿ ನಾಣ್ಯಗಳೂ ಸುಟ್ಟುಹೋದಾಗ ಇಬ್ಬರೂ ಸೇರಿ ಬೂದಿ ಜರಡಿ ಹಿಡಿದಿದ್ದರು. ಆ ದಿನಗಳಲ್ಲಿ ಮೇಷ್ಟ್ರು ಎಷ್ಟೋ ಸಲ ಅವಳ ಮನೆಯಲ್ಲಿ ಊಟ ಮಾಡಿದ್ದರು, ಅವಳ ಮನೆಯವರೇ ಬಡಿಸಿದ್ದರು.

ಕೋಣೆಗೆ ಕಪ್ಪು ಪರದೆ. ಮೇಜಿನ ಮೇಲೊಂದೇ ದೀಪ, ಅದರ ಕೆಳಗೆ ಮಖಮಲ್ಲಿನ ಚೌಕ. ಮೇಷ್ಟ್ರು ದೀಪದ ಹಿಂದೆ ಕೂತಿದ್ದರು. ಪಕ್ಕದಲ್ಲಿ ಚಹಾ ಆರಿ ಕೆನೆಗಟ್ಟಿತ್ತು.

"ಬರೆದು ಮುಗಿಸಿದ್ರಾ ತಾಯಿ?"

"ಒಂದು ಮಾತು ಕೇಳೋಣ ಅಂತ ಬಂದೆ ಮೇಷ್ಟ್ರೇ. ನಾಣ್ಯದಲ್ಲಿ ಆ ಗೀರು ಬಿಟ್ಟು ಇನ್ನೇನಾದ್ರೂ ದೋಷ ಕಂಡ್ರಾ?"

"ಇನ್ನೇನೂ ಇಲ್ಲ. ಒಳ್ಳೇ ನಾಣ್ಯ."

"ಕಣ್ಣಿನ ಕೆಳಗೆ?"

"ಅಲ್ಲಿಂದಲೇ ಗೀರು ಶುರುವಾಗುತ್ತಲ್ಲ."

"ಗೀರಿನ ಅಡಿಯಲ್ಲಿ?"

ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ದಿನವಿಡೀ ಬೆಳ್ಳಿಯ ಹೊಳಪು ನೋಡಿದ ಕಣ್ಣುಗಳು, ಅಂಚು ಕೆಂಪಾಗಿತ್ತು.

"ರೈಲು ಒಂದು ಸೀನಿನಷ್ಟು ಹೊತ್ತು ನೋಡಿದ," ಎಂದಳು ವಿಮೆಯಮ್ಮ ಕುರ್ಚಿಗೆ ಇಳಿಯುತ್ತ. "ಅವನಿಗೆ ಹಳೇ ಚುಚ್ಚು ಕಾಣಿಸ್ತು, ಒಂದು ಅಂಕ ಕಳೆದ. ಹೊಸ ಗೀರು ಎಷ್ಟೇ ಕೆತ್ತಿದ್ರೂ ಅಂಚಿನಲ್ಲಿ ಒಂಚೂರು ಕಪ್ಪು ಉಳಿದಿದೆ. ನನ್ನ ಈ ಹಾಳು ಕನ್ನಡಕಕ್ಕೇ ಕಾಣಿಸ್ತು. ಅವನಿಗೆ ಕಲಿಸಿದ ನಿಮಗೆ ಕಾಣಲಿಲ್ಲ ಅಂದ್ರೆ ನಾನು ನಂಬಬೇಕಾ?"

"ವಯಸ್ಸಾಯ್ತು."

"ಕೈಗೆ ಆಗಿಲ್ಲ. ಗೀರು ಒಂದೇ ಉಸಿರಿನಲ್ಲಿ ಎಳೆದದ್ದು."

ಮೇಷ್ಟ್ರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

"ನಾನಾಗಿದ್ರೆ ಮೇಜಿನ ಮೇಲೆ ಒತ್ತಿ ಹಿಡಿದು ಗೀಚ್ತಿದ್ದೆ. ಕಳ್ಳನಾದ್ರೂ ಹಾಗೇ ಮಾಡ್ತಿದ್ದ. ಡಬ್ಬಿ ಅಕ್ಕನ ಚಿಮಟದಲ್ಲಿ ಹಿಡಿದ್ರೆ ನಾಣ್ಯ ಹಾರಿಹೋಗುತ್ತೆ, ನಾನೇ ಮಾಡಿ ನೋಡಿದೆ. ಇದನ್ನ ಗೀರಿದವರು ಗಾಳಿಯಲ್ಲಿ ಎತ್ತಿ, ಅಂಚು ಹಿಡಿದು ಗೀರಿದಾರೆ. ಮುಖಕ್ಕೆ ಬೆರಳು ಸೋಕಬಾರದು ಅಂತ. ಹಾಳು ಮಾಡುವಾಗಲೂ ಕಲೆ ಆಗಬಾರದು ಅಂತ ಜೋಪಾನ ಮಾಡೋರು ಈ ಊರಲ್ಲಿ ಎಷ್ಟು ಜನ ಇದಾರೆ ಮೇಷ್ಟ್ರೇ?"

ಮೇಷ್ಟ್ರು ತಮ್ಮ ಬಲಗೈಯನ್ನು ದೀಪದ ಕೆಳಗೆ ತಂದು, ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿಕೊಂಡರು. ಅವರಿಗೆ ನಗು ಬಂತು. ಸುಸ್ತಾದವರ ನಗು, ಅರ್ಧಕ್ಕೇ ನಿಂತಿತು.

"ಮೇಜಿಗೆ ಒತ್ತಬೇಕು ಅಂತ ನನಗೆ ಹೊಳೆಯಲೇ ಇಲ್ಲ ನೋಡಿ."

ಹೊರಗೆ ಡಬ್ಬಿ ಯಂತ್ರ ಒಮ್ಮೆ ಉಸ್ಸೆಂದು ಸುಮ್ಮನಾಯಿತು. ಕೆಲಸದಿಂದ ತೆಗೆಯುವ ದಿನವೂ ಡಬ್ಬಿ ಅಕ್ಕ ಕೆಲಸ ಮಾಡುತ್ತಿದ್ದಳು.

"ಆ ಶಬ್ದ ಮಾಡ್ತಿರೋಳನ್ನ ಸಂಜೆಗೆ ಹೊರಗೆ ಹಾಕ್ತಾರೆ. ಅದು ಹೊಳೀತಾ?"

"ಇಲ್ಲ." ಮೇಷ್ಟ್ರ ದನಿ ಇಳಿಯಿತು. "ಅದೂ ಹೊಳೆಯಲಿಲ್ಲ. ಬರುವಾಗಲೇ ಗೀರಿತ್ತು ಅಂದ್ರೆ ಅಂಕ ಇಲ್ಲ, ಫೋಟೊ ಇಲ್ಲ, ಸದ್ದಿಲ್ಲದೆ ವಾಪಸ್ ಹೋಗುತ್ತೆ ಅಂದ್ಕೊಂಡೆ. ಕೌಂಟರಿನಲ್ಲಿ ಫೋಟೊ ತೆಗೀತಾರೆ ಅನ್ನೋದೇ ನನ್ನ ತಲೆಯಲ್ಲಿ ಇರಲಿಲ್ಲ. ನಾನು ಫೋಟೊ ನೋಡೋನಲ್ಲ, ನಾಣ್ಯ ನೋಡೋನು. ಆಮೇಲೆ ಯಜಮಾನಿ ವಿಮೆಗೆ ಫೋನು ಮಾಡಿದಳು. ಅವರು ಕಳಿಸಿದ್ದು ಯಾರನ್ನ? ನಿಮ್ಮನ್ನ."

"ನಾನು ಬಂದ್ರೆ ಏನು?"

"ತಾಯಿ, ಆ ಚುಚ್ಚು ನಿಮಗೆ ನಿಜವಾಗಿ ನೆನಪಾಗಲಿಲ್ವಾ?"

ಫೋಟೊ ನೋಡಿದಾಗಿನಿಂದ ಏನೋ ಒಂದು ಅವಳ ಮನಸ್ಸಿನ ಬಾಗಿಲಲ್ಲಿ ನಿಂತೇ ಇತ್ತು, ಒಳಗೆ ಬಂದಿರಲಿಲ್ಲ. ಮೇಷ್ಟ್ರು ಬಾಗಿಲು ತೆರೆದರು.

"ಅಳುವ ರಾಣಿ," ಎಂದರು.

ಗಡಿಯಾರದವರ ತಂಗಿ. ಸುಟ್ಟ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತು, ಅಳದೆ, ಒಂದೇ ಸಮ ಮಾತಾಡುತ್ತಿದ್ದ ಮುದುಕಿ. ಚಿಕ್ಕವಳಿದ್ದಾಗ ಹೊಲಿಗೆ ಸೂಜಿಯಲ್ಲಿ ರಾಣಿಗೆ ಕಣ್ಣೀರು ಬರೆದವಳು ತಾನೇ, ಅಣ್ಣ ಒಂದು ವಾರ ಮಾತು ಬಿಟ್ಟಿದ್ದ, ಆಮೇಲೆ ಅದೇ ಅವನಿಗೆ ಪ್ರೀತಿಯ ನಾಣ್ಯವಾಯಿತು, ಮಖಮಲ್ಲಿನ ಚೀಲದಲ್ಲಿಟ್ಟು ಜೇಬಿನಿಂದ ಇಳಿಸುತ್ತಿರಲಿಲ್ಲ, ಯಾರ ಕೈಗೂ ಕೊಡುತ್ತಿರಲಿಲ್ಲ ಎಂದು ಹೇಳಿದ್ದಳು. ಬೂದಿಯಲ್ಲಿ ಸಿಕ್ಕಿದ್ದು ಕರಗಿದ ಬೆಳ್ಳಿಯ ಗಟ್ಟಿ. ಅಳುವ ರಾಣಿಯೂ ಅದರಲ್ಲೇ ಕರಗಿದಳೆಂದು ಬರೆದು ಇಬ್ಬರೂ ಸಹಿ ಹಾಕಿದ್ದರು.

ವಿಮೆಯಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಬೂದಿಯಿಂದ ಯಾರೋ ಎತ್ತಿಕೊಂಡಿದಾರೆ. ನಾವು ನೋಡೋಕೆ ಮುಂಚೆ."

"ಬೂದಿಯಿಂದಲ್ಲ." ಮೇಷ್ಟ್ರು ತಲೆ ಅಲ್ಲಾಡಿಸಿದರು. "ಬೆಂಕಿ ತಾಗಿದ ಬೆಳ್ಳಿಯ ಮೈ ಸತ್ತುಹೋಗುತ್ತೆ, ಸಿಡುಬು ಬಂದ ಹಾಗೆ. ಇದರ ಮೈ ಜೀವಂತ ಇದೆ. ರೈಲು ಅರವತ್ನಾಲ್ಕು ಹಾಕಿದಾನಲ್ಲ, ಸುಮ್ಮನೆ ಹಾಕಿಲ್ಲ. ಈ ನಾಣ್ಯ ಬೆಂಕಿ ಕಂಡೇ ಇಲ್ಲ. ಬೆಂಕಿ ಬೀಳೋಕೆ ಮುಂಚೆ ಅವರ ಜೇಬಿನಿಂದ ಹೊರಗೆ ಬಂದಿದೆ."

ಯಾರ ಕೈಗೂ ಕೊಡದವರ ಜೇಬಿನಿಂದ. ಅಂದರೆ ಬೆಂಕಿ ಬೀಳುವ ಮುಂಚೆ ಆ ಮನೆಯಲ್ಲಿ ಇನ್ನೊಬ್ಬರಿದ್ದರು.

"ಹಾಗಾದ್ರೆ ಇದು ಲೋಕಕ್ಕೆ ಕಾಣಬೇಕಿತ್ತು. ಆ ತಂಗಿ ಇನ್ನೂ ಇದಾರೆ. ನೀವು ಅಳಿಸಿದ್ದು ಯಾಕೆ? ನಿಮ್ಮ ಸಹಿಗೆ ಹೆದರಿಯಾ?"

"ನನ್ನ ಸಹಿ ಇಟ್ಕೊಂಡು ಈ ವಯಸ್ಸಲ್ಲಿ ಯಾರು ಏನು ಮಾಡ್ತಾರೆ."

"ಮತ್ತೆ?"

"ವರದಿ ಬರೆದು ಮನೆಗೆ ಹೋಗಿ ತಾಯಿ." ಹಾಗೆಂದವರೇ ಮಾತು ತಿದ್ದಿಕೊಂಡರು. "ಇಲ್ಲ, ಮನೆಗೆ ಈಗಲೇ ಹೋಗಬೇಡಿ."

"ಮೇಷ್ಟ್ರೇ, ತಂದವರ ಹೆಸರು ನಿಮಗೆ ಗೊತ್ತಾಗಬಾರದು ಅಂತ ಇಲ್ಲಿಯ ಕ್ರಮ."

"ಹೆಸರು ಗೊತ್ತಿಲ್ಲ. ಆ ದಿನ ಮೆಟ್ಟಿಲು ಇಳೀತಿದ್ದೆ, ಕೌಂಟರಿನ ಮುಂದೆ ನಿಂತಿದ್ದವರ ಬೆನ್ನು ಕಾಣಿಸ್ತು. ಊಟಕ್ಕೆ ಬಡಿಸಿದ ಕೈಯನ್ನ ಬೆನ್ನ ಹಿಂದಿನಿಂದಲೂ ಗುರುತು ಹಿಡೀಬಹುದು." ಅವರು ದೀಪ ಆರಿಸಿದರು. "ತಂದವರ ಪೆಟ್ಟಿಗೆಯನ್ನ ನಾವು ಬಿಸಾಡಲ್ಲ, ಗೂಡಲ್ಲಿ ಇಟ್ಟಿರ್ತೀವಿ, ನಾಣ್ಯದ ಜೊತೆ ವಾಪಸ್ ಕೊಡೋಕೆ. ನನ್ನ ಬಾಯಿಂದ ಕೇಳಬೇಡಿ. ಹೋಗಿ ನೋಡಿ."

* * *

ಕೌಂಟರಿನ ಹಿಂದೆ ಗೋಡೆ ತುಂಬ ಮರದ ಗೂಡುಗಳು, ಒಂದೊಂದಕ್ಕೂ ನಾಣ್ಯದ ಸಂಖ್ಯೆ. ಜನ ಬೆಳ್ಳಿಯನ್ನು ಏನೇನರಲ್ಲಿ ತುಂಬಿ ತರುತ್ತಾರೆ ಎಂಬುದಕ್ಕೆ ಮಿತಿಯಿರಲಿಲ್ಲ. ಔಷಧಿ ಡಬ್ಬ, ಮಗುವಿನ ಕಾಲುಚೀಲ, ಬಿಸ್ಕತ್ತಿನ ತಗಡು. ಯಜಮಾನಿ ಬೀಗದಕೈ ಹುಡುಕುತ್ತ, ಹೆಸರು ಬರೆದ ಚೀಟಿ ಓದಿ ಹೇಳಿದಳು. ವಿಮೆಯಮ್ಮ ಎಂದೂ ಕೇಳಿದ ಹೆಸರಲ್ಲ ಅದು. ಅವಳಿಗೆ ನೆಮ್ಮದಿಯ ಉಸಿರು ಬಂತು.

ಗೂಡು ತೆರೆಯಿತು.

ಒಳಗಿದ್ದದ್ದು ಕನ್ನಡಕದ ಪೆಟ್ಟಿಗೆ. ಕಂದು ಬಣ್ಣ, ಮೂಲೆಯಲ್ಲಿ ಸಿಪ್ಪೆ ಎದ್ದದ್ದು. ಮುರಿದ ಕೀಲಿಗೆ ಕೆಂಪು ದಾರ, ಮೂರು ಸುತ್ತು ಸುತ್ತಿ ಹಲ್ಲಲ್ಲಿ ಕಚ್ಚಿ ಕತ್ತರಿಸಿದ ಗಂಟು. ಕತ್ತರಿ ಸಿಗದ ದಿನ ಅವಳೇ ಕಟ್ಟಿದ್ದು.

"ಏನಾಯ್ತು ಮೇಡಂ? ಗೊತ್ತಿರೋರದ್ದಾ?"

"ಇಂಥವು ಎಲ್ಲಾ ಮನೆಯಲ್ಲೂ ಇರುತ್ತವೆ," ಎಂದಳು ವಿಮೆಯಮ್ಮ. ಹಲವು ವರ್ಷಗಳಿಂದ ಬೇರೆಯವರ ಬಾಯಲ್ಲಿ ಕೇಳಿದ್ದ ಥರದ ವಾಕ್ಯ. ಅದು ಎಷ್ಟು ಸುಲಭವಾಗಿ ಬರುತ್ತದೆಂದು ಅವಳಿಗೆ ಈಗ ಗೊತ್ತಾಯಿತು.

ಯಜಮಾನಿ ವರದಿಯ ಹಾಳೆ ಮುಂದೆ ಸರಿಸಿದಳು. ಖಾಲಿ ಜಾಗ ಒಂದೇ ಸಾಲಿನದು. ಡಬ್ಬಿ ಅಕ್ಕನ ಅಜಾಗರೂಕತೆ ಎಂದು ತುಂಬಿದರೆ ನಾಣ್ಯ ಸದ್ದಿಲ್ಲದೆ ಹಿಂದಿರುಗುತ್ತದೆ, ಪೆಟ್ಟಿಗೆಯೂ ಮನೆ ಸೇರುತ್ತದೆ, ಮಂಚದ ಪಕ್ಕದ ಮೇಜಿನ ಮೇಲೆ ಕೂರುತ್ತದೆ. ಬೇರೆ ಏನು ಬರೆದರೂ ಯಾರಾದರೂ ಮತ್ತೊಮ್ಮೆ ಬೂದಿ ಜರಡಿ ಹಿಡಿಯುತ್ತಾರೆ, ಈ ಸಲ ಅವಳ ಮನೆಯಲ್ಲಿ.

ಯಂತ್ರದ ಸದ್ದು ನಿಂತಿತ್ತು. ಡಬ್ಬಿ ಅಕ್ಕ ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಚಿಮಟವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಕೌಂಟರಿನ ಮೇಲಿಟ್ಟಳು.

"ಅಮ್ಮಾ, ಸುಮ್ಮನೆ ಕೇಳ್ತೀನಿ. ನಾಳೆ ನಾನು ಬರಬಹುದಾ, ಬೇಡವಾ? ಬೇಡ ಅಂದ್ರೆ ಈಗಲೇ ಹೇಳಿ. ಮನೆಯಲ್ಲಿ ಹೇಳೋಕೆ ದಾರಿಯುದ್ದಕ್ಕೂ ಮಾತು ಜೋಡಿಸ್ಕೋಬೇಕು."

ವಿಮೆಯಮ್ಮ ಹಾಳೆಯನ್ನು ಮಗುಚಿ ಹಾಕಿದಳು.

"ಬಾ," ಎಂದಳು. "ಎಂದಿನ ಹೊತ್ತಿಗೇ ಬಾ. ಆ ಚಿಮಟ ಎತ್ತಿಕೋ."

ಯಜಮಾನಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫೋನು ಗುರುಗುಟ್ಟಿತು. ಬಲಗೈಯಲ್ಲಿ ಪೆಟ್ಟಿಗೆ ಇದ್ದುದರಿಂದ ವಿಮೆಯಮ್ಮ ಎಡಗೈಯಲ್ಲಿ ಫೋನೆತ್ತಿದಳು.

"ಏನೇ, ಒಂದು ಒಳ್ಳೇ ಸುದ್ದಿ," ಎಂದರು ಮನೆಯವರು. ದನಿಯಲ್ಲಿ ಎಂದೂ ಇಲ್ಲದ ಉಲ್ಲಾಸ. "ನೀನು ಹೇಳಿದ ಜಾಗದಲ್ಲೇ ಸಿಕ್ತು ನೋಡು, ಮಂಚದ ಕೆಳಗೆ. ನಿನ್ನ ಕನ್ನಡಕದ ಪೆಟ್ಟಿಗೆ. ಕೆಂಪು ದಾರ ಕೂಡ ಹಾಗೇ ಇದೆ."